ಹಾಸಿಗೆ ಪಕ್ಕದ ಹೃದಯ ಸ್ಕ್ಯಾನ್: ಕಿರಿಯ ವೈದ್ಯರಿಗೊಂದು ಮಾರ್ಗದರ್ಶಿ

ಬೆಂಗಳೂರಿನ ಯಾವುದೇ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರೋಗಿಯ ಕಡೆಯವರು "ಸ್ಕ್ಯಾನಿಂಗ್ ಆಯ್ತಾ ಡಾಕ್ಟ್ರೇ?" ಎಂದು ಕೇಳಿದಾಗ ಅವರ ಮನಸ್ಸಿನಲ್ಲಿರುವುದು ಒಂದು ಪೂರ್ಣ ಪರೀಕ್ಷೆ, ಅಚ್ಚಾದ ಒಂದು ವರದಿ ಮತ್ತು ಅದರ ಕೊನೆಯಲ್ಲೊಂದು ತೀರ್ಪು. ಹಾಸಿಗೆಯ ಪಕ್ಕದಲ್ಲಿ ನಿಂತು ಐದಾರು ನಿಮಿಷಗಳಲ್ಲಿ ನಾವು ಮಾಡುವ ಹೃದಯದ ಅಲ್ಟ್ರಾಸೌಂಡ್ ಈ ಮೂರರಲ್ಲಿ ಯಾವುದೂ ಅಲ್ಲ. ಎಕೋ ಲ್ಯಾಬಿನಲ್ಲಿ ಅರ್ಧ ಗಂಟೆ ಕುಳಿತು, ಪ್ರತಿ ಕವಾಟದ ಮೇಲೂ ಡಾಪ್ಲರ್ ಇಟ್ಟು, ಹತ್ತಾರು ಅಳತೆಗಳನ್ನು ತೆಗೆದು ಬರೆಯುವ ವರದಿಗೂ ಇದಕ್ಕೂ ಇರುವ ನಂಟು, ವರ್ಷದ ಲೆಕ್ಕಪತ್ರಕ್ಕೂ ಜೇಬಿನಲ್ಲಿ ಬಸ್ಸಿನ ಚಾರ್ಜಿಗೆ ಕಾಸಿದೆಯೇ ಎಂದು ಮುಟ್ಟಿ ನೋಡಿಕೊಳ್ಳುವುದಕ್ಕೂ ಇರುವಷ್ಟೇ. ಆದರೆ ಬಸ್ಸು ಹತ್ತುವ ಹೊತ್ತಿಗೆ ಬೇಕಾಗುವುದು ಎರಡನೆಯದೇ.

ಈ ಸ್ಕ್ಯಾನ್ ಕೆಲವೇ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲದು. ಎಡ ಹೃತ್ಕುಕ್ಷಿ ಚೆನ್ನಾಗಿ ಹಿಂಡುತ್ತಿದೆಯೇ? ಬಲ ಹೃತ್ಕುಕ್ಷಿ ಹಿಗ್ಗಿದೆಯೇ? ಹೃದಯದ ಸುತ್ತ ನೀರು ಸೇರಿದೆಯೇ? ಕೆಳ ಮಹಾಸಿರೆ ತುಂಬಿ ನಿಂತಿದೆಯೇ, ಬರಿದಾಗಿದೆಯೇ? ಇವುಗಳಲ್ಲಿ ಯಾವುದನ್ನು ಕೇಳುತ್ತಿದ್ದೀರಿ ಎಂಬುದನ್ನು ಪ್ರೋಬ್ (ಎದೆಯ ಮೇಲಿಟ್ಟು ಚಿತ್ರ ಪಡೆಯುವ, ಯಂತ್ರದ ಹಿಡಿ) ಕೈಗೆತ್ತಿಕೊಳ್ಳುವ ಮೊದಲೇ ಒಂದು ವಾಕ್ಯದಲ್ಲಿ ಬಾಯಿಬಿಟ್ಟು ಹೇಳಿಕೊಳ್ಳಬೇಕೆಂದು ನಾನು ನನ್ನ ಹೌಸ್ ಸರ್ಜನ್‌ಗಳಿಗೆ ಪ್ರತಿ ತಿಂಗಳೂ ಹೇಳುತ್ತೇನೆ. ಪ್ರಶ್ನೆಯಿಲ್ಲದೆ ಎದೆಯ ಮೇಲೆ ಪ್ರೋಬ್ ಓಡಿಸಿದವರಿಗೆ ಪರದೆಯ ಮೇಲೆ ಏನಾದರೊಂದು ಕಾಣಿಸಿಯೇ ಕಾಣಿಸುತ್ತದೆ. ತೊಂದರೆ ಆರಂಭವಾಗುವುದೇ ಅಲ್ಲಿಂದ.

ಒಂದು ಮಾತು ಪದಗಳ ಬಗ್ಗೆ. ವಾರ್ಡಿನಲ್ಲಿ ಯಾರೂ ಹೃತ್ಕುಕ್ಷಿ ಎನ್ನುವುದಿಲ್ಲ, ಎಲ್‌ವಿ, ಆರ್‌ವಿ ಎನ್ನುತ್ತಾರೆ. ಕೆಳ ಮಹಾಸಿರೆಯನ್ನು ಐವಿಸಿ ಎನ್ನುತ್ತಾರೆ. ಇಲ್ಲಿಯೂ ಮುಂದಕ್ಕೆ ಹಾಗೆಯೇ ಬರೆಯುತ್ತೇನೆ.

ಯಂತ್ರ ಮುಟ್ಟುವ ಮೊದಲು

ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಯಂತ್ರದ ಮೊದಲ ಪಾಠ ಕಾನೂನಿನದು. ಭ್ರೂಣಲಿಂಗ ಪತ್ತೆಯನ್ನು ತಡೆಯಲು ಬಂದ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಯಂತ್ರವೂ ಅದನ್ನು ಇಟ್ಟುಕೊಂಡಿರುವ ಸ್ಥಳವೂ ನೋಂದಣಿಯಾಗಿರಬೇಕು, ನೋಂದಣಿ ಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು, ಲಿಂಗ ಪತ್ತೆ ಇಲ್ಲಿ ಮಾಡುವುದಿಲ್ಲವೆಂಬ ಫಲಕ ಕನ್ನಡದಲ್ಲಿಯೂ ಇರಬೇಕು. "ಹೃದಯಕ್ಕೆ ಮಾತ್ರ ಬಳಸುತ್ತೇನೆ" ಎಂಬ ಸಮಜಾಯಿಷಿ ನಡೆಯುವುದಿಲ್ಲ, ಏಕೆಂದರೆ ಕಾಯ್ದೆ ನೋಡುವುದು ಯಂತ್ರಕ್ಕೆ ಇರುವ ಸಾಮರ್ಥ್ಯವನ್ನು. ಎತ್ತಿಕೊಂಡು ಹೋಗಬಹುದಾದ ಯಂತ್ರಗಳ ವಿಷಯದಲ್ಲಿ 2012ರ ತಿದ್ದುಪಡಿ ನಿಯಮಗಳು ಇನ್ನೂ ಬಿಗಿಯಾಗಿವೆ: ನೋಂದಾಯಿತ ಆವರಣದೊಳಗೆ ಒಳರೋಗಿಗಳಿಗೆ, ಇಲ್ಲವೇ ಇತರ ಆರೋಗ್ಯ ಸೇವೆಗಳನ್ನೂ ಕೊಡುವ ಸಂಚಾರಿ ಘಟಕದ ಭಾಗವಾಗಿ ಮಾತ್ರ ಅವುಗಳನ್ನು ಬಳಸಬಹುದು. ಮೊಬೈಲ್ ಫೋನಿಗೆ ಸಿಕ್ಕಿಸುವ ಪುಟ್ಟ ಪ್ರೋಬನ್ನು ವಿದೇಶದಿಂದ ಬಂದ ನೆಂಟರ ಕೈಲಿ ತರಿಸಿಕೊಂಡು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುವ ಉತ್ಸಾಹಿ ಪಿಜಿಗಳಿಗೆ (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ) ಇದು ಗೊತ್ತಿರುವುದಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಈ ಕಾಯ್ದೆಯ ದಾಖಲೆ ನೋಡಿಕೊಳ್ಳುವವರು ಯಾರೆಂದು ತಿಳಿದುಕೊಂಡು, ಯಂತ್ರವನ್ನು ಕ್ಯಾಷುಯಲ್ಟಿಯಿಂದ ಐಸಿಯುಗೆ ತಳ್ಳಿಕೊಂಡು ಹೋಗಲು ಅವರ ದಾಖಲೆಯಲ್ಲಿ ಜಾಗವಿದೆಯೇ ಎಂದು ಕೇಳಿಯೇ ಮುಂದುವರಿಯಿರಿ.

ಎರಡನೆಯ ಎಚ್ಚರಿಕೆ ಇನ್ನೂ ಚಿಕ್ಕದು. ಎದೆನೋವು ಎಂದು ಬಂದವರಿಗೆ ಮೊದಲ ಹತ್ತು ನಿಮಿಷದೊಳಗೆ ಆಗಬೇಕಾದದ್ದು ಇಸಿಜಿ. ಅದರಲ್ಲಿ ಎಸ್‌ಟಿ ಭಾಗ ಏರಿದ್ದರೆ (ಹೃದಯದ ರಕ್ತನಾಳ ಮುಚ್ಚಿರುವ ಸೂಚನೆ) ರೋಗಿಯನ್ನು ಅದನ್ನು ತೆರೆಯುವ ಕ್ಯಾಥ್ ಲ್ಯಾಬ್ ಇರುವ ಕಡೆಗೆ ಕಳಿಸುವುದು ಬಿಟ್ಟು ಸ್ಕ್ಯಾನ್ ಮಾಡುತ್ತ ನಿಲ್ಲುವುದು ತಪ್ಪು. ಸಿಲ್ಕ್ ಬೋರ್ಡ್ ದಾಟಿ ಜಯದೇವ ಹೃದ್ರೋಗ ಆಸ್ಪತ್ರೆ ತಲುಪಲು ಸಂಜೆ ಆರು ಗಂಟೆಗೆ ಎಷ್ಟು ಹೊತ್ತು ಬೇಕೆಂದು ಗೊತ್ತಿರುವ ನಾವು ನಮ್ಮ ಕಡೆಯಿಂದ ಒಂದು ನಿಮಿಷವನ್ನೂ ಸೇರಿಸಬಾರದು.

ರೋಗಿಯನ್ನು ಮತ್ತು ಯಂತ್ರವನ್ನು ಸಜ್ಜುಗೊಳಿಸುವುದು

ಪರದೆ ಎಳೆಯಿರಿ. ರೋಗಿ ಹೆಂಗಸಾಗಿದ್ದರೆ ಸಿಸ್ಟರ್ ಒಬ್ಬರನ್ನು ಜೊತೆಯಲ್ಲಿ ನಿಲ್ಲಿಸಿಕೊಳ್ಳಿ, ಎದೆಯನ್ನು ಬೇಕಾದಷ್ಟೇ ತೆರೆದು ಉಳಿದದ್ದನ್ನು ಹೊದಿಸಿ, ಸ್ತನವನ್ನು ಸರಿಸಬೇಕಾದಾಗ ಅವರೇ ತಮ್ಮ ಕೈಯಿಂದ ಎತ್ತಿ ಹಿಡಿಯುವಂತೆ ಕೇಳಿ. "ಅಮ್ಮಾ, ಎದೆ ಮೇಲೆ ಸ್ವಲ್ಪ ಜೆಲ್ ಹಾಕಿ ಹಾರ್ಟ್ ಹೇಗೆ ಬಡ್ಕೊಳ್ತಿದೆ ಅಂತ ನೋಡ್ತೀನಿ, ತಣ್ಣಗಿರುತ್ತೆ, ನೋವಾಗಲ್ಲ" ಎಂಬಷ್ಟು ಮಾತು ಸಾಕು. ಆದರೆ ಆ ಮಾತನ್ನು ಆಡದೆ ಜೆಲ್ ಸುರಿಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಸಾಧ್ಯವಾದರೆ ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಿ, ಎಡಗೈಯನ್ನು ತಲೆಯ ಕೆಳಗೆ ಇಡಿಸಿ. ಹೀಗೆ ಮಾಡಿದಾಗ ಹೃದಯ ಎದೆಗೂಡಿನ ಗೋಡೆಗೆ ಹತ್ತಿರ ಬರುತ್ತದೆ, ಪಕ್ಕೆಲುಬುಗಳ ನಡುವಿನ ಸಂದು ಅಗಲವಾಗುತ್ತದೆ. ವೆಂಟಿಲೇಟರ್‌ನಲ್ಲಿರುವವರಿಗೆ ಬೆನ್ನ ಹಿಂದೆ ಒಂದು ದಿಂಬು ಕೊಟ್ಟರೂ ಚಿತ್ರ ಸುಧಾರಿಸುತ್ತದೆ. ಮಾನಿಟರಿನ ಎಲೆಕ್ಟ್ರೋಡ್ ಸರಿಯಾಗಿ ನಮಗೆ ಬೇಕಾದ ಜಾಗದಲ್ಲೇ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತು ಬೇರೆಡೆ ಅಂಟಿಸುವ ಮೊದಲು ಸಿಸ್ಟರಿಗೆ ಹೇಳಿ, ಇಲ್ಲದಿದ್ದರೆ ಅಲಾರಂ ಕೂಗಿ ಇಡೀ ವಾರ್ಡು ಓಡಿಬರುತ್ತದೆ.

ಪ್ರೋಬ್ ಆಯ್ಕೆಯಲ್ಲಿ ಗೊಂದಲವಿಲ್ಲ. ಸಣ್ಣ ಚೌಕ ಮುಖವಿರುವ ಫೇಸ್ಡ್ ಅರೇ ಪ್ರೋಬ್ ಬೇಕು. 1ರಿಂದ 5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಕೆಲಸ ಮಾಡುವ ಅದು ಎರಡು ಪಕ್ಕೆಲುಬುಗಳ ನಡುವೆ ಕೂರುತ್ತದೆ, ಆಳಕ್ಕೂ ನೋಡುತ್ತದೆ. ಯಂತ್ರವನ್ನು ಕಾರ್ಡಿಯಾಕ್ ಪ್ರೀಸೆಟ್‌ಗೆ ಹಾಕಿ, ಪರದೆಯ ಮೇಲಿನ ಗುರುತಿನ ಚುಕ್ಕೆ ಬಲಭಾಗದಲ್ಲಿದೆಯೇ ಎಂದು ನೋಡಿ. ಹಿಂದಿನವರು ಹೊಟ್ಟೆಯ ಸ್ಕ್ಯಾನ್ ಮಾಡಿ ಪ್ರೀಸೆಟ್ ಬದಲಿಸದೆ ಹೋಗಿದ್ದರೆ ಚುಕ್ಕೆ ಎಡಕ್ಕಿರುತ್ತದೆ, ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತದೆ, ಎಲ್‌ವಿಯನ್ನು ಆರ್‌ವಿ ಎಂದುಕೊಂಡು "ಎಷ್ಟು ದೊಡ್ಡ ಆರ್‌ವಿ!" ಎಂದು ಬೆರಗಾಗುವ ಪ್ರಸಂಗವೂ ಬರುತ್ತದೆ. ಗೇನ್ (ಚಿತ್ರದ ಹೊಳಪು) ಎಷ್ಟಿರಬೇಕೆಂದರೆ ರಕ್ತ ಕಪ್ಪಾಗಿ, ಸ್ನಾಯು ಬೂದಿಬಣ್ಣದಲ್ಲಿ ಕಾಣುವಷ್ಟು. ವಾರ್ಡಿನ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಲ್ಲರೂ ಗೇನ್ ಹೆಚ್ಚಿಸುತ್ತಾರೆ. ಲೈಟ್ ಆರಿಸುವುದು ಅದಕ್ಕಿಂತ ಒಳ್ಳೆಯ ಉಪಾಯ.

ನಾಲ್ಕು ನೋಟಗಳು

ಪ್ರೋಬನ್ನು ಪೆನ್ನಿನಂತೆ ಹಿಡಿದು, ಅಂಗೈಯ ಅಂಚನ್ನು ರೋಗಿಯ ಎದೆಯ ಮೇಲೆ ಊರಿ. ಪ್ರೋಬಿಗೆ ಇರುವ ಚಲನೆಗಳು ನಾಲ್ಕು: ಜಾರಿಸುವುದು, ತಿರುಗಿಸುವುದು, ಓರೆ ಮಾಡುವುದು, ತೂಗುವುದು. ಒಂದು ಸಲಕ್ಕೆ ಒಂದನ್ನೇ ಮಾಡಿ. ಕಲಿಯುವವರ ಕೈ ನಾಲ್ಕನ್ನೂ ಒಟ್ಟಿಗೆ ಮಾಡುತ್ತದೆ. ಆಗ ಸಿಕ್ಕ ಚಿತ್ರ ಹೇಗೆ ಸಿಕ್ಕಿತೆಂದೂ, ತಪ್ಪಿದ್ದು ಹೇಗೆ ತಪ್ಪಿತೆಂದೂ ತಿಳಿಯುವುದಿಲ್ಲ.

ಮೊದಲ ನೋಟ ಪ್ಯಾರಾಸ್ಟರ್ನಲ್ ಲಾಂಗ್ ಆಕ್ಸಿಸ್. ಎದೆಮೂಳೆಯ ಎಡ ಅಂಚಿಗೆ ತಾಗಿ, ಮೂರನೆಯ ಅಥವಾ ನಾಲ್ಕನೆಯ ಪಕ್ಕೆಲುಬು ಸಂದಿನಲ್ಲಿ ಪ್ರೋಬ್ ಇಟ್ಟು, ಅದರ ಗುರುತು ರೋಗಿಯ ಬಲ ಭುಜದ ಕಡೆಗಿರುವಂತೆ ಹಿಡಿಯಿರಿ. ಪರದೆಯ ಮೇಲ್ಭಾಗದಲ್ಲಿ ಆರ್‌ವಿಯ ಹೊರದಾರಿ, ನಡುವೆ ಎಲ್‌ವಿ, ಬಲಕ್ಕೆ ಮಹಾಪಧಮನಿಯ (ಅಯೋರ್ಟಾ) ಬುಡ ಮತ್ತು ಅದರ ಕೆಳಗೆ ಎಡ ಹೃತ್ಕರ್ಣ ಕಾಣಬೇಕು. ಇದೆಲ್ಲ ಕಂಡಿತೆಂದು ಹಿಗ್ಗುವ ಮೊದಲು ಇನ್ನೊಂದನ್ನು ಹುಡುಕಬೇಕು: ಎಡ ಹೃತ್ಕರ್ಣದ ಹಿಂದೆ, ಚಿತ್ರದ ತಳದಲ್ಲಿ, ದುಂಡಗೆ ಕಾಣುವ ಇಳಿಯುವ ಮಹಾಪಧಮನಿ. ಅದು ಕಾಣುವವರೆಗೆ ಆಳ ಹೆಚ್ಚಿಸಿ. ಸಾಮಾನ್ಯವಾಗಿ 15 ಸೆಂಟಿಮೀಟರ್ ಆಸುಪಾಸಿನಲ್ಲಿ ಸಿಗುತ್ತದೆ.

ಈ ದುಂಡಗಿನ ನೆರಳಿಗೆ ನಾನು ಇಷ್ಟು ಮಹತ್ವ ಕೊಡಲು ಕಾರಣವಿದೆ. ನಾನು ಪಿಜಿಯಾಗಿದ್ದಾಗ, ಈ ಊರಿನದೇ ಒಂದು ಆಸ್ಪತ್ರೆಯಲ್ಲಿ, ಅರವತ್ತು ದಾಟಿದ ಒಬ್ಬ ಯಜಮಾನರು ಉಸಿರಾಡಲಾಗದೆ, ಬಿ.ಪಿ. ಕುಸಿದು ಬಂದಿದ್ದರು. ಪ್ರೋಬ್ ಇಟ್ಟಕೂಡಲೇ ಹೃದಯದ ಹಿಂದೆ ಎರಡು ಬೆರಳು ದಪ್ಪದ ಕಪ್ಪು ಪಟ್ಟಿ ಕಂಡಿತು. ಹೃದಯಾವರಣದಲ್ಲಿ ನೀರು ಎಂದು ಕೂಗಿದೆ, ಸಿಸ್ಟರ್ ಸೂಜಿಯ ಟ್ರೇ ಬಿಚ್ಚಿಯೂ ಆಗಿತ್ತು. ಅಷ್ಟರಲ್ಲಿ ಬಂದ ನಮ್ಮ ಸೀನಿಯರ್ ಒಂದು ಮಾತೂ ಆಡದೆ ಆಳದ ಗುಂಡಿಯನ್ನು ತಿರುಗಿಸಿದರು. ನಾನು 11 ಸೆಂಟಿಮೀಟರಿನಲ್ಲೇ ನಿಂತಿದ್ದೆ. ಚಿತ್ರ 18ಕ್ಕೆ ಇಳಿದಾಗ ಮಹಾಪಧಮನಿ ಕಂಡಿತು, ಮತ್ತು ಆ ಕಪ್ಪು ಪಟ್ಟಿ ಅದರ ಮುಂದೆ ನುಸುಳದೆ ಹಿಂದಕ್ಕೆ ಹರಡಿಕೊಂಡಿತ್ತು. ಅದರೊಳಗೆ ಶ್ವಾಸಕೋಶದ ತುದಿ ನೀರಿನಲ್ಲಿ ಬಿದ್ದ ಎಲೆಯಂತೆ ತೇಲುತ್ತಿತ್ತು. ಅದು ಎಡ ಪ್ಲೂರಾದ, ಅಂದರೆ ಶ್ವಾಸಕೋಶದ ಹೊದಿಕೆಯ, ನೀರು. "ಮೊದಲು ಅಯೋರ್ಟಾ ತೋರಿಸು, ಆಮೇಲೆ ಸೂಜಿ ಕೇಳು" ಎಂದಷ್ಟೇ ಹೇಳಿ ಅವರು ಹೊರಟುಹೋದರು. ನಿಯಮ ಇದು: ಮಹಾಪಧಮನಿಗೂ ಹೃದಯಕ್ಕೂ ನಡುವೆ ನುಸುಳುವ ನೀರು ಹೃದಯಾವರಣದ್ದು, ಮಹಾಪಧಮನಿಯ ಹಿಂದೆ ಹೋಗುವ ನೀರು ಪ್ಲೂರಾದ್ದು.

ಎರಡನೆಯ ನೋಟ ಶಾರ್ಟ್ ಆಕ್ಸಿಸ್, ಹೃದಯದ ಅಡ್ಡ ಸೀಳು. ಅದಕ್ಕೆ ಪ್ರೋಬನ್ನು ಇದ್ದ ಜಾಗದಿಂದ ಕದಲಿಸದೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ 90 ಡಿಗ್ರಿ ತಿರುಗಿಸಿ, ಗುರುತು ಎಡ ಭುಜದ ಕಡೆ ಬರಲಿ. ಈಗ ಎಲ್‌ವಿ ಒಂದು ಬಳೆಯಂತೆ ದುಂಡಗೆ, ಅದರ ಎಡಕ್ಕೆ ಆರ್‌ವಿ ಅರ್ಧಚಂದ್ರದಂತೆ ಕಾಣುತ್ತದೆ. ಪ್ರೋಬನ್ನು ಓರೆ ಮಾಡುತ್ತ ಎರಡು ಪ್ಯಾಪಿಲರಿ ಸ್ನಾಯುಗಳು ಕಾಣುವ ಮಟ್ಟಕ್ಕೆ ಬನ್ನಿ. ಎಲ್‌ವಿ ಹಿಂಡುವುದನ್ನು ಕಣ್ಣಂದಾಜಿನಲ್ಲಿ ತೂಗಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮೂರನೆಯದು ಅಪಿಕಲ್ ಫೋರ್ ಚೇಂಬರ್, ಕಲಿಯುವವರಿಗೆ ಕಾಟ ಕೊಡುವ ನೋಟ. ಹೃದಯದ ತುದಿಯ ಬಡಿತ ಕೈಗೆ ತಾಗುವಲ್ಲಿ ಪ್ರೋಬ್ ಇಟ್ಟು, ಗುರುತನ್ನು ರೋಗಿಯ ಎಡಕ್ಕೆ ಹಿಡಿದು, ಪ್ರೋಬಿನ ಮುಖವನ್ನು ಬಲ ಭುಜದ ಕಡೆಗೆ ನೋಡಿಸಿ. ಎಲ್‌ವಿಯ ತುದಿ ಬಂದೂಕಿನ ಗುಂಡಿನಂತೆ ಚೂಪಾಗಿರಬೇಕು. ಚೆಂಡಿನಂತೆ ಗುಂಡಗಿದ್ದರೆ ನೀವು ತುದಿಯನ್ನು ತಪ್ಪಿಸಿ ಮೇಲಿನಿಂದ ಕತ್ತರಿಸಿ ನೋಡುತ್ತಿದ್ದೀರಿ ಎಂದರ್ಥ. ಒಂದು ಸಂದು ಕೆಳಗೆ, ಸ್ವಲ್ಪ ಕಂಕುಳ ಕಡೆಗೆ ಜಾರಿಸಿ. ಈ ನೋಟದಲ್ಲಿ ಎರಡು ಹೃತ್ಕುಕ್ಷಿಗಳ ಗಾತ್ರವನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು.

ನಾಲ್ಕನೆಯದು ಸಬ್‌ಕಾಸ್ಟಲ್. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಚಿಸಿ ಹೊಟ್ಟೆಯನ್ನು ಸಡಿಲಗೊಳಿಸಿ. ಇಲ್ಲಿ ಮಾತ್ರ ಪೆನ್ನಿನ ಹಿಡಿತ ಬಿಟ್ಟು, ಅಂಗೈಯನ್ನು ಪ್ರೋಬಿನ ಮೇಲಿಟ್ಟು, ಎದೆಮೂಳೆಯ ತುದಿಯ ಕೆಳಗೆ ಬಹುತೇಕ ಚಪ್ಪಟೆಯಾಗಿ ಒತ್ತಿ, ಗುರುತನ್ನು ರೋಗಿಯ ಎಡಕ್ಕೆ ಇರಿಸಿ, ದೀರ್ಘವಾಗಿ ಉಸಿರೆಳೆದು ಹಿಡಿದುಕೊಳ್ಳಲು ಹೇಳಿ. ಲಿವರ್ ಮೂಲಕ ಹೃದಯ ಕಾಣುತ್ತದೆ. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಊದಿಕೊಂಡವರಲ್ಲಿ ಎದೆಯ ಮೇಲಿನ ನೋಟಗಳೆಲ್ಲ ಮಸುಕಾದಾಗ ಕೈ ಹಿಡಿಯುವುದು ಇದೊಂದೇ. ಇಲ್ಲಿಂದಲೇ ಗುರುತನ್ನು ತಲೆಯ ಕಡೆಗೆ ತಿರುಗಿಸಿದರೆ ಲಿವರಿನೊಳಗೆ ಹಾದು ಬಲ ಹೃತ್ಕರ್ಣಕ್ಕೆ ಸೇರುವ ಐವಿಸಿ ಉದ್ದಕ್ಕೆ ಕಾಣುತ್ತದೆ. ಪಕ್ಕದಲ್ಲಿ ಮಿಡಿಯುತ್ತಿರುವ ದಪ್ಪ ಗೋಡೆಯ ಮಹಾಪಧಮನಿಯನ್ನು ಐವಿಸಿ ಎಂದುಕೊಳ್ಳದಿರಲು, ಅದು ಹೃತ್ಕರ್ಣಕ್ಕೆ ಸೇರುವುದನ್ನು ಕಣ್ಣಾರೆ ನೋಡಿ.

ಕಂಡದ್ದನ್ನು ಓದುವುದು

ಎಲ್‌ವಿಯ ವಿಷಯದಲ್ಲಿ ನಮಗೆ ಬೇಕಾಗಿರುವುದು ನಾಲ್ಕು ಉತ್ತರಗಳಲ್ಲಿ ಒಂದು: ಅತಿಯಾಗಿ ಹಿಂಡುತ್ತಿದೆ, ಸರಿಯಾಗಿದೆ, ಕುಗ್ಗಿದೆ, ತೀರಾ ಕುಗ್ಗಿದೆ. ಇಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಎಲ್‌ವಿ ಹೊರಹಾಕುವ ರಕ್ತದ ಶೇಕಡಾ ಪ್ರಮಾಣ) "43" ಎಂದು ಬರೆಯುವ ಅಗತ್ಯವಿಲ್ಲ. ಅಷ್ಟು ನಿಖರತೆ ಕಣ್ಣಿಗಿಲ್ಲ. ಮೂರನ್ನು ಗಮನಿಸಿ. ಗೋಡೆಗಳು ಒಳಕ್ಕೆ ಬರುತ್ತವೆಯೇ, ಬರುವಾಗ ದಪ್ಪವಾಗುತ್ತವೆಯೇ, ಮೈಟ್ರಲ್ ಕವಾಟದ ಮುಂದಿನ ಎಸಳು ತೆರೆದುಕೊಂಡಾಗ ಸೆಪ್ಟಮ್‌ಗೆ (ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಗೆ) ಎಷ್ಟು ಹತ್ತಿರ ಹೋಗುತ್ತದೆ. ಎಸಳಿನ ತುದಿಗೂ ಸೆಪ್ಟಮ್‌ಗೂ ನಡುವಿನ ಈ ಅಂತರವನ್ನು ಇಪಿಎಸ್‌ಎಸ್ ಎನ್ನುತ್ತಾರೆ. 7 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಎಲ್‌ವಿ ದುರ್ಬಲವಾಗಿರಬಹುದೆಂದು ಪುಸ್ತಕಗಳು ಹೇಳುತ್ತವೆ.

ಪುಸ್ತಕದ ಆ ಮಾತನ್ನು ನಮ್ಮ ವಾರ್ಡುಗಳಲ್ಲಿ ಹಾಗೆಯೇ ನಂಬುವಂತಿಲ್ಲ. ರೂಮ್ಯಾಟಿಕ್ ಹೃದ್ರೋಗ ನಮ್ಮಲ್ಲಿ ಇನ್ನೂ ಮಾಯವಾಗಿಲ್ಲ. ಮೂವತ್ತರ ಆಸುಪಾಸಿನ, ಹೂವಿನ ವ್ಯಾಪಾರ ಮಾಡುವ ಹೆಣ್ಣುಮಗಳೊಬ್ಬಳು ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಸೇರಿದ್ದಳು. ಹೌಸ್ ಸರ್ಜನ್ ಇಪಿಎಸ್‌ಎಸ್ 12 ಎಂದು ಅಳೆದು "ಎಲ್‌ವಿ ವೀಕ್" ಎಂದು ಬರೆದಿದ್ದ. ಅದೇ ಚಿತ್ರದಲ್ಲಿ ಗೋಡೆಗಳು ಚೆನ್ನಾಗಿಯೇ ಹಿಂಡುತ್ತಿದ್ದವು, ಎಡ ಹೃತ್ಕರ್ಣ ಬಲೂನಿನಂತೆ ಹಿಗ್ಗಿತ್ತು, ಮೈಟ್ರಲ್ ಎಸಳು ಹಾಕಿ ಸ್ಟಿಕ್ಕಿನಂತೆ ಬಾಗಿ ನಿಂತಿತ್ತು. ಕವಾಟ ಕಿರಿದಾಗಿ ಎಸಳು ಪೂರ್ತಿ ತೆರೆಯಲಾಗದ್ದರಿಂದ ಅಂತರ ಹೆಚ್ಚಾಗಿ ಕಂಡಿತ್ತು, ಅಷ್ಟೇ. ಮಹಾಪಧಮನಿಯ ಕವಾಟ ಸೋರುವಾಗಲೂ ಇದೇ ಮೋಸವಾಗುತ್ತದೆ, ಏಕೆಂದರೆ ಹಿಂದಕ್ಕೆ ನುಗ್ಗುವ ರಕ್ತ ಎಸಳನ್ನು ತಳ್ಳುತ್ತದೆ. ಒಂದು ಅಳತೆ ಕಣ್ಣಿಗೆ ಕಾಣುವುದಕ್ಕೆ ವಿರುದ್ಧವಾಗಿದ್ದರೆ ಅಳತೆಯನ್ನೇ ಮೊದಲು ಅನುಮಾನಿಸಿ.

ಆರ್‌ವಿಗೆ ಬಂದರೆ, ಅಪಿಕಲ್ ನೋಟದಲ್ಲಿ ಅದು ಎಲ್‌ವಿಯ ಮೂರನೇ ಎರಡರಷ್ಟನ್ನು ಮೀರಬಾರದು. ಎರಡೂ ಸಮವಾಗಿದ್ದರೆ ಆರ್‌ವಿ ಹಿಗ್ಗಿದೆ. ಶಾರ್ಟ್ ಆಕ್ಸಿಸ್‌ನಲ್ಲಿ ಬಳೆ ಒಂದು ಕಡೆ ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರದಂತಾದರೆ ಬಲಭಾಗದ ಒತ್ತಡ ಸೆಪ್ಟಮ್ಮನ್ನು ತಳ್ಳುತ್ತಿದೆ. ಟ್ರೈಕಸ್ಪಿಡ್ ಕವಾಟದ ಹೊರ ಅಂಚು ಪ್ರತಿ ಬಡಿತಕ್ಕೂ ತುದಿಯ ಕಡೆ ಎಷ್ಟು ಚಲಿಸುತ್ತದೆಂದು ಎಂ-ಮೋಡ್‌ನಲ್ಲಿ ಅಳೆದಾಗ 17 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಆರ್‌ವಿ ಸೋತಿದೆ. ಬಿ.ಪಿ. ಬಿದ್ದ, ಸಿಟಿ ಸ್ಕ್ಯಾನ್‌ಗೆ ಕಳಿಸಲಾಗದ ರೋಗಿಯಲ್ಲಿ ಇವೆಲ್ಲ ಕಂಡಾಗ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರುವ ಸಂಶಯ ಬಲವಾಗುತ್ತದೆ. ಆದರೆ ಹೆಪ್ಪು ಕರಗಿಸುವ ಮದ್ದಿಗೆ ಕೈಹಾಕುವ ಮೊದಲು ಸಬ್‌ಕಾಸ್ಟಲ್ ನೋಟದಲ್ಲಿ ಆರ್‌ವಿಯ ಗೋಡೆಯ ದಪ್ಪ ನೋಡಿ. ಅದು 5 ಮಿಲಿಮೀಟರಿಗಿಂತ ದಪ್ಪವಿದ್ದರೆ ಆ ಆರ್‌ವಿ ನಿನ್ನೆ ಮೊನ್ನೆ ಹಿಗ್ಗಿದ್ದಲ್ಲ. ಹಳೆಯ ಕ್ಷಯ, ಬೀಡಿ, ಸೌದೆ ಒಲೆಯ ಹೊಗೆ ಇವುಗಳಿಂದ ವರ್ಷಗಳ ಕಾಲ ಒತ್ತಡ ಹೊತ್ತು ಬಂದದ್ದು. ಹಳೆಯದರ ಮೇಲೆ ಹೊಸ ಹೆಪ್ಪು ಕೂರಬಹುದು ಎಂಬುದೂ ನಿಜ. ಅಂಥಲ್ಲಿ ಒಬ್ಬರೇ ತೀರ್ಮಾನಿಸಬೇಡಿ.

ಹೃದಯಾವರಣದ ನೀರನ್ನು ಡಯಾಸ್ಟೊಲಿಯಲ್ಲಿ (ಹೃದಯ ಸಡಿಲಗೊಂಡಾಗ) ಅಳೆಯುತ್ತೇವೆ: 10 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಸ್ವಲ್ಪ, 20ರವರೆಗೆ ಮಧ್ಯಮ, ಅದಕ್ಕೂ ಮೀರಿದರೆ ಹೆಚ್ಚು. ಹೃದಯದ ಮುಂಭಾಗದಲ್ಲಿ ಮಾತ್ರ ಕಾಣುವ, ಬೂದುಬಣ್ಣದ, ಹೃದಯದೊಂದಿಗೇ ಕುಣಿಯುವ ಪಟ್ಟಿ ಬಹುಮಟ್ಟಿಗೆ ಕೊಬ್ಬು. ಇನ್ನು ಟ್ಯಾಂಪೊನೇಡ್ (ಸುತ್ತಲಿನ ನೀರು ಹೃದಯವನ್ನು ಅದುಮಿ ತುಂಬಲು ಬಿಡದ ಸ್ಥಿತಿ) ಎಂಬುದು ನೀರಿನ ಪ್ರಮಾಣದ ಮಾತಲ್ಲ, ವೇಗದ ಮಾತು. ಕ್ಷಯರೋಗದಲ್ಲಿ ವಾರಗಟ್ಟಲೆ ನಿಧಾನವಾಗಿ ಒಂದು ಲೀಟರ್ ಸೇರಿದವರೂ ನಡೆದುಕೊಂಡೇ ಓಪಿಡಿಗೆ ಬರುತ್ತಾರೆ. ಚಾಕು ಇರಿತದಲ್ಲಿ ನಿಮಿಷಗಳೊಳಗೆ ಇನ್ನೂರು ಮಿಲಿಲೀಟರ್ ಸೇರಿದವರು ಸಾಯುತ್ತಾರೆ. ಬಲ ಹೃತ್ಕರ್ಣ ಸಿಸ್ಟೊಲಿಯಲ್ಲಿ (ಹೃದಯ ಹಿಂಡುವಾಗ), ಆರ್‌ವಿ ಡಯಾಸ್ಟೊಲಿಯಲ್ಲಿ ಒಳಕ್ಕೆ ಕುಸಿಯುವುದನ್ನು ಹುಡುಕಿ. ಐವಿಸಿ ಉಬ್ಬಿ ನಿಂತಿದೆಯೇ ನೋಡಿ. ಹೃದಯ ಶಸ್ತ್ರಚಿಕಿತ್ಸೆಯ ನಂತರ ಹೆಪ್ಪುಗಟ್ಟಿದ ರಕ್ತ ಒಂದೇ ಮೂಲೆಯಲ್ಲಿ ಕುಳಿತು ಒತ್ತುತ್ತಿದ್ದರೆ ಈ ಚಿಹ್ನೆಗಳು ಕಾಣದೆಯೂ ಇರಬಹುದು, ಆದ್ದರಿಂದ ಅಂಥವರಲ್ಲಿ ನಿಮ್ಮ ಸ್ಕ್ಯಾನ್ ಶುದ್ಧವಾಗಿದೆಯೆಂದು ಸುಮ್ಮನಾಗಬೇಡಿ. ಟ್ಯಾಂಪೊನೇಡ್ ಇದೆಯೆಂದು ಅನ್ನಿಸಿದವರಿಗೆ ಅರಿವಳಿಕೆ ಕೊಟ್ಟು ಟ್ಯೂಬ್ ಹಾಕುವ ಆತುರವೂ ಬೇಡ. ವೆಂಟಿಲೇಟರಿನ ಒತ್ತಡ ಬಿದ್ದ ಕ್ಷಣ ಹೃದಯಕ್ಕೆ ಮರಳುವ ರಕ್ತ ನಿಂತುಹೋಗಬಹುದು.

ಐವಿಸಿ ಮತ್ತು ಮಳೆಗಾಲ

ಐವಿಸಿಯನ್ನು ಬಲ ಹೃತ್ಕರ್ಣದ ಬಾಯಿಯಿಂದ ಸುಮಾರು ಎರಡು ಸೆಂಟಿಮೀಟರ್ ಈಚೆಗೆ ಅಳೆಯಬೇಕು. ತಾವಾಗಿಯೇ ಉಸಿರಾಡುತ್ತಿರುವವರಲ್ಲಿ ಅದು 2.1 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದು, ಮೂಗಿನಿಂದ ಜೋರಾಗಿ ಉಸಿರೆಳೆದಾಗ ಅರ್ಧಕ್ಕಿಂತ ಹೆಚ್ಚು ಕುಗ್ಗಿದರೆ ಬಲ ಹೃತ್ಕರ್ಣದ ಒತ್ತಡವನ್ನು 3 ಎಂಎಂ ಪಾದರಸವೆಂದೂ, 2.1 ಮೀರಿದ್ದು ಅರ್ಧದಷ್ಟೂ ಕುಗ್ಗದಿದ್ದರೆ 15 ಎಂದೂ, ನಡುವಿನವರಲ್ಲಿ 8 ಎಂದೂ ಹಿಡಿಯುತ್ತಾರೆ. ವೆಂಟಿಲೇಟರಿನಲ್ಲಿರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಉಸಿರೆಳೆದಾಗ ಐವಿಸಿ ಪಕ್ಕಕ್ಕೆ ಸರಿದು ಪ್ರೋಬಿನ ಸೀಳಿನಿಂದ ತಪ್ಪಿಸಿಕೊಂಡರೂ ಕುಗ್ಗಿದಂತೆಯೇ ಕಾಣುತ್ತದೆ. ಅಡ್ಡಲಾಗಿ ತಿರುಗಿಸಿ ಇನ್ನೊಮ್ಮೆ ನೋಡಿದರೆ ಅನುಮಾನ ಪರಿಹಾರವಾಗುತ್ತದೆ.

ಈ ಊರಿನಲ್ಲಿ ಐವಿಸಿ ನೋಡುವ ಆಸೆ ಹೆಚ್ಚು ಹುಟ್ಟುವುದು ಮಳೆಗಾಲದಲ್ಲಿ, ಡೆಂಗಿ ವಾರ್ಡುಗಳು ತುಂಬಿದಾಗ. ಜ್ವರ ಇಳಿಯುವ ಹೊತ್ತಿಗೆ ಪ್ಲಾಸ್ಮಾ ನಾಳಗಳಿಂದ ಸೋರತೊಡಗಿ, ಒಂದೆರಡು ದಿನ ಸೋರಿ, ನಂತರ ಅದೇ ನೀರು ಒಳಕ್ಕೆ ಮರಳುತ್ತದೆ. ಸೋರುವಾಗ ಸಲೈನ್ ಕಡಿಮೆಯಾದರೆ ಶಾಕ್, ಮರಳುವಾಗ ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು. ಸಣ್ಣಗೆ ಕುಗ್ಗಿದ ಐವಿಸಿ, ಒಳಗೋಡೆಗಳು ಒಂದಕ್ಕೊಂದು ತಾಗುವಷ್ಟು ಹಿಂಡುತ್ತಿರುವ ಎಲ್‌ವಿ, ಬಲ ಪ್ಲೂರಾದಲ್ಲಿ ತೆಳುವಾದ ಕಪ್ಪು ಪಟ್ಟಿ: ಈ ಮೂರು ಒಟ್ಟಿಗಿದ್ದರೆ ಸೋರಿಕೆ ನಡೆದಿದೆ. ಆದರೆ ಬರಿಯ ಐವಿಸಿಯ ಅಗಲ ನೋಡಿ ಬಾಟಲಿ ಏರಿಸುವುದನ್ನು ನಾನು ಒಪ್ಪುವುದಿಲ್ಲ. ಆರೋಗ್ಯವಂತ ಯುವಕನ ಐವಿಸಿಯೂ ಚೆನ್ನಾಗಿ ಕುಗ್ಗುತ್ತದೆ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತಿದೆಯೇ, ಪಲ್ಸ್ ಪ್ರೆಷರ್ (ಬಿ.ಪಿ.ಯ ಮೇಲಿನ, ಕೆಳಗಿನ ಅಂಕಿಗಳ ಅಂತರ) 20ಕ್ಕೆ ಇಳಿದಿದೆಯೇ, ಕೈಕಾಲು ತಣ್ಣಗಿವೆಯೇ, ಗಂಟೆಗೆ ಮೂತ್ರ ಎಷ್ಟು ಬರುತ್ತಿದೆ ಎಂಬುವು ಮೊದಲು, ಐವಿಸಿ ಆಮೇಲೆ. ಇದಕ್ಕೆ ತದ್ವಿರುದ್ಧವಾಗಿ, ಡೆಂಗಿ ಶಾಕ್ ಎಂದುಕೊಂಡ ರೋಗಿಯಲ್ಲಿ ಐವಿಸಿ ಉಬ್ಬಿದ್ದು ಎಲ್‌ವಿ ಸೋತಿರುವುದು ಕಂಡರೆ, ಹೃದಯದ ಸ್ನಾಯುವಿಗೇ ಉರಿಯೂತವಾಗಿರಬಹುದು. ಮುಂದಿನ ಬಾಟಲಿಯನ್ನು ನಿಲ್ಲಿಸಿ ಸೀನಿಯರನ್ನು ಕರೆಯಿರಿ. ನನ್ನ ಮಟ್ಟಿಗೆ ಈ ಯಂತ್ರ ಮಳೆಗಾಲದಲ್ಲಿ ತನ್ನ ಬೆಲೆ ತೀರಿಸುವುದು ಇಂಥ ಒಂದೆರಡು ರೋಗಿಗಳಲ್ಲೇ.

ಹೃದಯ ನಿಂತಾಗ

ಸಿಪಿಆರ್ ನಡೆಯುವಾಗ ಪ್ರೋಬ್ ಹಿಡಿದವರು ಗುಂಪಿನಲ್ಲಿ ಅತ್ಯಂತ ಅಪಾಯಕಾರಿ ವ್ಯಕ್ತಿಯಾಗಬಲ್ಲರು. ನಾಡಿ ನೋಡಲು ಹತ್ತು ಸೆಕೆಂಡು ಮಾತ್ರ ಒತ್ತುವುದನ್ನು ನಿಲ್ಲಿಸಬಹುದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಕ್ಯಾನ್ ಮಾಡಿದಾಗ ಆ ವಿರಾಮ ಸರಾಸರಿ 21 ಸೆಕೆಂಡಿಗೆ, ಮಾಡದಿದ್ದಾಗ 13 ಸೆಕೆಂಡಿಗೆ ಬಂದಿತ್ತು. ಆದ್ದರಿಂದ ಕ್ರಮ ಹೀಗಿರಲಿ: ಎದೆ ಒತ್ತುತ್ತಿರುವಾಗಲೇ ಸಬ್‌ಕಾಸ್ಟಲ್ ಜಾಗದಲ್ಲಿ ಪ್ರೋಬ್ ಇಟ್ಟು ಹೃದಯವನ್ನು ಹುಡುಕಿಟ್ಟುಕೊಳ್ಳಿ. ನಿಲ್ಲಿಸಿದ ಕೂಡಲೇ ಕ್ಲಿಪ್ ದಾಖಲಿಸಿ. ಒಬ್ಬರು ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸಲಿ, ಹತ್ತು ಎಂದಾಗ ಪ್ರೋಬ್ ತೆಗೆಯಿರಿ, ಒತ್ತುವುದು ಮತ್ತೆ ಶುರುವಾಗಲಿ. ಚಿತ್ರವನ್ನು ನೋಡಿ ಅರ್ಥಮಾಡಿಕೊಳ್ಳುವುದು ಆನಂತರ. ಒತ್ತುತ್ತಿರುವವರೇ ಪ್ರೋಬನ್ನೂ ಹಿಡಿಯುವುದು, ಗುಂಪನ್ನು ನಡೆಸುತ್ತಿರುವವರೇ ಪರದೆಗೆ ಮುಖ ಕೊಟ್ಟು ನಿಲ್ಲುವುದು ಎರಡೂ ಕೂಡದು.

ಬರೆಯುವುದು, ಹೇಳುವುದು

ಕೇಸ್ ಶೀಟಿನಲ್ಲಿ ಬರಿದೇ "ಎಕೋ ನಾರ್ಮಲ್" ಎಂದು ಬರೆದವರಿಂದ ಆಗುವ ಹಾನಿ ಮರುದಿನ ಬೆಳಿಗ್ಗೆ ತಿಳಿಯುತ್ತದೆ. ಡ್ಯೂಟಿ ಬದಲಾಗಿ ಬಂದವರು ಅದನ್ನು ಓದಿ, ಪೂರ್ಣ ಎಕೋ ಆಗಿದೆಯೆಂದುಕೊಂಡು, ಕೇಳಿದ್ದ ಅಪಾಯಿಂಟ್‌ಮೆಂಟನ್ನು ರದ್ದು ಮಾಡುತ್ತಾರೆ. ಆದ್ದರಿಂದ ಹಾಸಿಗೆ ಪಕ್ಕದ ಸ್ಕ್ಯಾನ್ ಎಂದೇ ಬರೆದು, ಯಾವ ಪ್ರಶ್ನೆಗೆ ಮಾಡಿದ್ದು, ಯಾವ ನೋಟಗಳು ಸಿಕ್ಕವು, ಯಾವುವು ಸಿಗಲಿಲ್ಲ, ಏನು ಕಂಡಿತು, ಏನನ್ನು ನೋಡಿಲ್ಲ ಎಂಬುದನ್ನು ನಾಲ್ಕು ಸಾಲಿನಲ್ಲಿ ದಾಖಲಿಸಿ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಕವಾಟದ ಸೋರಿಕೆ ಎಷ್ಟು, ಗೋಡೆಯ ಒಂದು ಭಾಗ ಮಾತ್ರ ಚಲಿಸುತ್ತಿಲ್ಲವೇ, ಕವಾಟದ ಮೇಲೆ ಸೋಂಕಿನ ಗಂಟಿದೆಯೇ, ಮಹಾಪಧಮನಿ ಸೀಳಿದೆಯೇ ಎಂಬ ಪ್ರಶ್ನೆಗಳಲ್ಲಿ ಈ ಸ್ಕ್ಯಾನ್ "ಇಲ್ಲ" ಎನ್ನುವ ಅಧಿಕಾರ ಹೊಂದಿಲ್ಲ. ಮಹಾಪಧಮನಿಯ ಬುಡ 4 ಸೆಂಟಿಮೀಟರ್ ದಾಟಿದ್ದು ಕಂಡರೆ ಅದು ಸಿಟಿ ಕೇಳಲು ಕಾರಣವಾಗುತ್ತದೆ; ಕಾಣದಿದ್ದರೆ ಏನೂ ಸಾಬೀತಾಗುವುದಿಲ್ಲ.

ಮನೆಯವರಿಗೂ ಅದೇ ಪ್ರಾಮಾಣಿಕತೆ ಸಲ್ಲಬೇಕು. ನಾನು ಹೇಳುವುದು ಬಹುತೇಕ ಹೀಗೆ: "ನೋಡಿಮ್ಮ, ಇದು ಪೂರ್ತಿ ಎಕೋ ಅಲ್ಲ. ಈಗ ಅರ್ಜೆಂಟಾಗಿ ಎರಡು ವಿಷಯ ನೋಡಿದ್ವಿ. ಹಾರ್ಟು ಪಂಪ್ ಮಾಡ್ತಿದೆ, ಸುತ್ತ ನೀರು ತುಂಬಿಲ್ಲ. ವಾಲ್ವ್ ಹೇಗಿದೆ, ಬ್ಲಾಕ್ ಇದೆಯಾ ಅನ್ನೋದು ಇದ್ರಲ್ಲಿ ಗೊತ್ತಾಗಲ್ಲ. ಬೆಳಿಗ್ಗೆ ಹಾರ್ಟ್ ಡಾಕ್ಟ್ರು ನೋಡ್ತಾರೆ." ಬ್ಲಾಕ್ ಎಂಬ ಪದವನ್ನು ನಾವೇ ಎತ್ತಿ ಹೇಳುವುದು ಮುಖ್ಯ, ಏಕೆಂದರೆ ಅವರು ಕೇಳದಿದ್ದರೂ ಮನಸ್ಸಿನಲ್ಲಿರುವುದು ಅದೇ.

ಕೈ ಕೂರುವುದಕ್ಕೆ ಎಷ್ಟು ಸ್ಕ್ಯಾನ್ ಬೇಕು? ಅಮೆರಿಕದ ತುರ್ತು ವೈದ್ಯರ ಸಂಘದ ಮಾರ್ಗಸೂಚಿ ಪ್ರತಿಯೊಂದು ಬಗೆಯ ಪರೀಕ್ಷೆಗೆ 25ರಿಂದ 50 ಎನ್ನುತ್ತದೆ, ಅದೂ ಬಲ್ಲವರು ಪರಿಶೀಲಿಸಿದ ಸ್ಕ್ಯಾನ್‌ಗಳು. ಸಂಖ್ಯೆಗಿಂತ ಆ ಪರಿಶೀಲನೆಯ ಮೇಲೆ ನನಗೆ ಹೆಚ್ಚು ನಂಬಿಕೆ. ಮಧ್ಯಾಹ್ನ ಎಕೋ ಲ್ಯಾಬಿನ ಒಂದು ಮೂಲೆಯಲ್ಲಿ ನಿಂತು, ರಾತ್ರಿ ನೀವೇ ನೋಡಿದ ರೋಗಿಯ ಪೂರ್ಣ ಎಕೋ ಆಗುವುದನ್ನು ಗಮನಿಸಿ; ನಿಮ್ಮ ನಾಲ್ಕು ಸಾಲಿನ ಟಿಪ್ಪಣಿಯನ್ನು ಕೈಯಲ್ಲೇ ಇಟ್ಟುಕೊಂಡಿರಿ. ಸ್ವೀಡನ್ನಿನ ಲುಂಡ್‌ನಲ್ಲಿ 1953ರಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್‌ಮುತ್ ಹರ್ಟ್ಸ್ ಲೋಹದ ಬಿರುಕು ಹುಡುಕುವ ಯಂತ್ರವನ್ನು ಎರವಲು ತಂದು ಹೃದಯದ ಪ್ರತಿಧ್ವನಿಯನ್ನು ಮೊದಲ ಬಾರಿಗೆ ದಾಖಲಿಸಿದಾಗ ಸಿಕ್ಕದ್ದು ಕೆಲವು ಅಲುಗಾಡುವ ಗೆರೆಗಳು ಮಾತ್ರ. ಯಾವ ಗೆರೆ ಹೃದಯದ ಯಾವ ಭಾಗದ್ದೆಂದು ಖಚಿತವಾಗಲು ವರ್ಷಗಳೇ ಹಿಡಿದವು. ನಿಮಗೆ ಒಂದು ಮಧ್ಯಾಹ್ನ ಸಾಕು.

ಕೊನೆಯ ಕೆಲಸ ಯಾರಿಗೂ ಇಷ್ಟವಿಲ್ಲದ್ದು. ರೋಗಿಯ ಎದೆಯ ಮೇಲಿನ ಜೆಲ್ಲನ್ನು ನೀವೇ ಒರೆಸಿ, ಕಿತ್ತ ಎಲೆಕ್ಟ್ರೋಡನ್ನು ಮತ್ತೆ ಅಂಟಿಸಿ. ಪ್ರೋಬಿನ ಮೇಲಿನ ಜೆಲ್ಲನ್ನು ಪೂರ್ತಿ ತೆಗೆದ ನಂತರವೇ ಸೋಂಕುನಾಶಕದ ವೈಪ್ ಬಳಸಿ, ಏಕೆಂದರೆ ಜೆಲ್ಲಿನ ಪದರದ ಕೆಳಗೆ ಮದ್ದು ತಲುಪುವುದಿಲ್ಲ. ಯಾವ ವೈಪ್ ಆ ಪ್ರೋಬಿಗೆ ಒಗ್ಗುತ್ತದೆಂದು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಿ, ಕೆಲವು ಪ್ರೋಬುಗಳ ಮುಖವನ್ನು ಸ್ಪಿರಿಟ್ ಹಾಳುಮಾಡುತ್ತದೆ. ಪ್ರೋಬಿನ ವೈರನ್ನು ಚಕ್ರದ ಕೆಳಗೆ ಸಿಗದಂತೆ ಸುತ್ತಿ, ಪ್ರೀಸೆಟ್ಟನ್ನು ಕಾರ್ಡಿಯಾಕ್‌ನಲ್ಲೇ ಬಿಟ್ಟು, ಯಂತ್ರವನ್ನು ಅದರ ಜಾಗಕ್ಕೆ ತಳ್ಳಿ ಪ್ಲಗ್ ಹಾಕಿ, ಸ್ವಿಚ್ ಒತ್ತಿರುವುದನ್ನೂ ಒಮ್ಮೆ ನೋಡಿ.